ಬಾಡಿಗೆ ಮನೆ, ಭೋಗ್ಯದ ಮನೆ: ಮಾಲೀಕರ ಹಾಗೂ ಬಾಡಿಗೆದಾರರ ಕಾನೂನುಬದ್ಧ ಹಕ್ಕು ಮತ್ತು ಬಾಧ್ಯತೆಗಳು

(ಗ್ರಾಮ ಪಂಚಾಯತಿ ಸದಸ್ಯರು, ಕಾರ್ಯದರ್ಶಿಗಳು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಏರ್ಪಡಿಸಿದ್ದ ಕಾನೂನು ಅರಿವು ಕಾರ್ಯಾಗಾರದಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿ ಕಚೇರಿಗೆ ಬರುವ ಅರ್ಜಿಗಳಲ್ಲಿ ಕುಡಿಯುವ ನೀರು, ರಸ್ತೆ, ಚರಂಡಿ, ಇ-ಸ್ವತ್ತುಗಳ ನಂತರ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿರುವ ಇನ್ನೊಂದು ಬಗೆಯ ಅರ್ಜಿಯಿದೆ. ಅದಕ್ಕೆ ಯಾವ ನಮೂನೆಯೂ ಇಲ್ಲ, ಯಾವ ವಹಿಯಲ್ಲಿಯೂ ಕಲಮು ಇಲ್ಲ. "ಬಾಡಿಗೆಯವರು ಮನೆ ಬಿಡುತ್ತಿಲ್ಲ, ಪಂಚಾಯತಿಯವರು ಬಿಡಿಸಿಕೊಡಬೇಕು" ಎಂದು ಒಬ್ಬರು, "ಮಾಲೀಕರು ಬೀಗ ಹಾಕಿದ್ದಾರೆ, ತೆಗೆಸಿಕೊಡಬೇಕು" ಎಂದು ಇನ್ನೊಬ್ಬರು ಬರುತ್ತಾರೆ. ಕೆಲವೊಮ್ಮೆ ಇಬ್ಬರೂ ಒಂದೇ ದಿನ, ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತಿರುತ್ತಾರೆ.

ಹಿಂದೆ ಹಳ್ಳಿಗಳಲ್ಲಿ ಬಾಡಿಗೆ ಮನೆಯೆಂದರೆ ಶಾಲೆಯ ಮೇಷ್ಟರಿಗೋ ಆಸ್ಪತ್ರೆಯ ದಾದಿಗೋ ಕೊಡುತ್ತಿದ್ದ ಒಂದು ಕೋಣೆ ಮಾತ್ರವಾಗಿತ್ತು. ಇಂದು ಪಟ್ಟಣದ ಅಂಚಿನ, ಕೈಗಾರಿಕಾ ಪ್ರದೇಶದ ಪಕ್ಕದ, ಹೆದ್ದಾರಿ ಬದಿಯ ಪಂಚಾಯತಿಗಳಲ್ಲಿ ಸಾಲುಮನೆಗಳು ಎದ್ದಿವೆ. ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಹೊರ ಜಿಲ್ಲೆ ಹಾಗೂ ಹೊರ ರಾಜ್ಯಗಳ ಕಾರ್ಮಿಕರು ಅವುಗಳಲ್ಲಿ ವಾಸವಾಗಿದ್ದಾರೆ. ಮಾಲೀಕರೆಂದರೆ ಸಿರಿವಂತರು, ಬಾಡಿಗೆದಾರರೆಂದರೆ ಬಡವರು ಎಂಬ ಎಣಿಕೆ ಇಲ್ಲಿ ಹೊಂದುವುದಿಲ್ಲ. ಸಂಘದ ಸಾಲ ಪಡೆದು ಎರಡು ಕೋಣೆ ಕಟ್ಟಿಸಿ, ಆ ಬಾಡಿಗೆಯಿಂದಲೇ ಕಂತು ತುಂಬುವ ವಿಧವೆಯೂ ಮಾಲೀಕಳೇ ಆಗಿರುತ್ತಾಳೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಅಂತಹ ಮಹಿಳೆಯೊಬ್ಬರು ತಿಂಗಳಿಗೆ ರೂ. 2,500ರಂತೆ, ರೂ. 10,000 ಮುಂಗಡ ಪಡೆದು, ಅಕ್ಕಿ ಗಿರಣಿಯ ಕಾರ್ಮಿಕನೊಬ್ಬನ ಕುಟುಂಬಕ್ಕೆ ಮನೆ ಕೊಟ್ಟರು. ಗಿರಣಿ ನಿಂತ ನಾಲ್ಕು ತಿಂಗಳು ಬಾಡಿಗೆ ಬರಲಿಲ್ಲ. ಅಷ್ಟರಲ್ಲಿ ಮಳೆಗಾಲದಲ್ಲಿ ಛಾವಣಿ ಸೋರಿತು. ಎರಡು ಸಲ ಹೇಳಿದರೂ ದುರಸ್ತಿಯಾಗದಿದ್ದಾಗ ಬಾಡಿಗೆದಾರನೇ ರೂ. 3,600 ವೆಚ್ಚ ಮಾಡಿ ಸರಿಪಡಿಸಿಕೊಂಡ. ಒಂದು ಸಂಜೆ ಕುಟುಂಬ ಕೂಲಿಯಿಂದ ಮರಳಿದಾಗ ಬಾಗಿಲಿಗೆ ಹೊಸ ಬೀಗವಿತ್ತು. ಮಕ್ಕಳ ಪುಸ್ತಕಗಳು, ಪಡಿತರ ಚೀಟಿ, ಅಜ್ಜಿಯ ಮಾತ್ರೆಗಳು ಎಲ್ಲವೂ ಒಳಗೇ ಉಳಿದಿದ್ದವು. ಮಾಲೀಕಳ ಪ್ರಕಾರ ಹತ್ತು ಸಾವಿರ ಬಾಕಿ ಇತ್ತು. ಬಾಡಿಗೆದಾರನ ಪ್ರಕಾರ ತಾನು ಕೊಡಬೇಕಾದುದು ಏನೂ ಇರಲಿಲ್ಲ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಈ ಉದಾಹರಣೆಗೆ ಮುಂದೆ ಮರಳಬೇಕಾಗುತ್ತದೆ.

ಮೊದಲಿಗೆ, ಯಾವ ಕಾನೂನು ಅನ್ವಯಿಸುತ್ತದೆ ಎಂಬ ಪ್ರಶ್ನೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬ ಕಾನೂನಿನ ಹೆಸರು ಎಲ್ಲರಿಗೂ ಪರಿಚಿತ. ಆದರೆ ಅದು ಮುಖ್ಯವಾಗಿ ತನ್ನ ಅನುಸೂಚಿಯಲ್ಲಿ ಹೆಸರಿಸಿರುವ ನಗರ ಪ್ರದೇಶಗಳಿಗೆ ಸಂಬಂಧಿಸಿದ್ದು. ಅಲ್ಲಿಯೂ ಮಾಸಿಕ ಬಾಡಿಗೆ ದೊಡ್ಡ ನಗರಗಳಲ್ಲಿ ರೂ. 3,500 ಹಾಗೂ ಇತರೆಡೆ ರೂ. 2,000 ಮೀರಿದ ಕಟ್ಟಡಗಳನ್ನು ಅದು ಹೊರಗಿಟ್ಟಿದೆ. ಇಂದಿನ ಬಾಡಿಗೆ ದರಗಳನ್ನು ನೋಡಿದರೆ ನಗರದಲ್ಲಿಯೇ ಬಹುಪಾಲು ಮನೆಗಳು ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ಹೀಗಾಗಿ ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆ ಮತ್ತು ಅಂಗಡಿಗಳಿಗೆ ಸಾಮಾನ್ಯವಾಗಿ ಅನ್ವಯವಾಗುವುದು ಸ್ವತ್ತು ವರ್ಗಾವಣೆ ಅಧಿನಿಯಮ, 1882. ಅದರ ಐದನೆಯ ಅಧ್ಯಾಯದ 105ರಿಂದ 117ರವರೆಗಿನ ಕಲಂಗಳು ಮಾಲೀಕ ಮತ್ತು ಬಾಡಿಗೆದಾರರ ಸಂಬಂಧವನ್ನು ನಿಯಂತ್ರಿಸುತ್ತವೆ. ನೂರನಲವತ್ತು ವರ್ಷ ದಾಟಿದ ಈ ಕಾನೂನಿನ ಬಹುಪಾಲು ಮಾತುಗಳು ಇಂದಿಗೂ ನೇರವಾಗಿಯೂ ಸ್ಪಷ್ಟವಾಗಿಯೂ ಇವೆ.

ಇದೇ ಸಂದರ್ಭದಲ್ಲಿ ಮೊಬೈಲುಗಳಲ್ಲಿ ಹರಿದಾಡುವ ಒಂದು ಸಂದೇಶದ ಬಗ್ಗೆ ಸ್ಪಷ್ಟನೆ ಅಗತ್ಯ. "ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವುದು ಈಗ ಕಾನೂನುಬಾಹಿರ" ಎಂಬುದು ಆ ಸಂದೇಶದ ತಿರುಳು. ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಲ್ಲಿ ಮಾದರಿ ಬಾಡಿಗೆ ಅಧಿನಿಯಮವೊಂದನ್ನು ಅನುಮೋದಿಸಿತು. ವಾಸದ ಮನೆಗೆ ಎರಡು ತಿಂಗಳು, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯ ಮಿತಿಯನ್ನು ಅದರಲ್ಲಿ ಸೂಚಿಸಿರುವುದು ನಿಜ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ ಮಾತ್ರ. ರಾಜ್ಯದ ಶಾಸಕಾಂಗ ಅದನ್ನು ಕಾನೂನಾಗಿ ಅಂಗೀಕರಿಸದ ಹೊರತು ಆ ಮಿತಿಯನ್ನು ಮುಂದಿಟ್ಟು ಯಾರನ್ನೂ ಒತ್ತಾಯಿಸಲಾಗದು. ಮುಂಗಡ ಎಷ್ಟೆಂಬುದು ಸದ್ಯಕ್ಕೆ ಉಭಯತರ ಒಪ್ಪಂದಕ್ಕೆ ಬಿಟ್ಟದ್ದು.

ಒಪ್ಪಂದವೆಂದಾಗ ಕರಾರು ಪತ್ರದ ಮಾತು ಬರುತ್ತದೆ. ಒಂದು ವರ್ಷಕ್ಕೆ ಮೀರಿದ ಅವಧಿಯ, ಅಥವಾ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಬಾಡಿಗೆ ಕರಾರು ನೋಂದಣಿಯಾಗಲೇಬೇಕೆಂದು 107ನೇ ಕಲಂ ಹಾಗೂ ನೋಂದಣಿ ಅಧಿನಿಯಮ, 1908 ವಿಧಿಸುತ್ತವೆ. ಎಲ್ಲೆಲ್ಲೂ ಕಾಣುವ "ಹನ್ನೊಂದು ತಿಂಗಳ ಕರಾರು" ಹುಟ್ಟಿದ್ದು ಇದರಿಂದಲೇ. ಒಂದು ವರ್ಷದೊಳಗಿನ ಬಾಡಿಗೆಯನ್ನು ಬಾಯಿಮಾತಿನಲ್ಲಿ ಒಪ್ಪಿ, ಮನೆಯ ಸ್ವಾಧೀನ ಕೊಟ್ಟರೂ ಅದು ಸಿಂಧುವೇ. ಆದ್ದರಿಂದ "ಕಾಗದವಿಲ್ಲ, ನೀನು ಬಾಡಿಗೆದಾರನೇ ಅಲ್ಲ" ಎಂದು ಮಾಲೀಕರು ಹೇಳುವಂತಿಲ್ಲ. ಅದೇ ರೀತಿ "ಕಾಗದವಿಲ್ಲ, ಬಾಡಿಗೆ ಕೊಡಬೇಕಾಗಿಲ್ಲ" ಎಂದು ಬಾಡಿಗೆದಾರರೂ ಹೇಳುವಂತಿಲ್ಲ. ಹಾಗಿದ್ದರೂ ಕಾಗದ ಬೇಕು. ಬಾಯಿಮಾತಿಗೆ ಸಾಕ್ಷಿ ಹುಡುಕುವ ಹೊತ್ತಿಗೆ ಆ ಮಾತಾಡಿದ ಹಿರಿಯರು ತೀರಿಕೊಂಡಿರುತ್ತಾರೆ ಅಥವಾ ಒಂದು ಕಡೆಯ ನೆಂಟರಾಗಿರುತ್ತಾರೆ.

ಛಾಪಾ ಕಾಗದದ ಮಾರಾಟಗಾರರಲ್ಲಿ ಸಿಗುವ ಸಿದ್ಧ ಕರಾರುಗಳು ಊರಿಗೆಲ್ಲ ಒಂದೇ ಆಗಿರುತ್ತವೆ. ಬೇಕಾದ ಸಂಗತಿ ಮಾತ್ರ ಅವುಗಳಲ್ಲಿ ಇರುವುದಿಲ್ಲ. ಬಾಡಿಗೆಯ ಮೊತ್ತ, ದಿನಾಂಕ, ಮುಂಗಡ, ಅವಧಿಗಳ ಜೊತೆಗೆ ನಾಲ್ಕು ವಿಷಯಗಳು ಅಲ್ಲಿ ಬರಹದಲ್ಲಿರಬೇಕು: ಯಾವ ದುರಸ್ತಿ ಯಾರದು, ಮುಂಗಡದಿಂದ ಏನನ್ನು ಕಡಿತ ಮಾಡಬಹುದು, ಮನೆ ಬಿಡುವ ಮುನ್ನ ಎಷ್ಟು ದಿನ ಮೊದಲು ತಿಳಿಸಬೇಕು, ಒಳಬರುವ ದಿನದಂದು ವಿದ್ಯುತ್ ಮಾಪಕದ ಅಂಕಿ ಎಷ್ಟಿತ್ತು. ಮನೆಯನ್ನು ಒಪ್ಪಿಸುವ ದಿನ ಗೋಡೆ, ನೆಲ, ಛಾವಣಿ, ನಲ್ಲಿ, ಸ್ವಿಚ್ಚು ಫಲಕಗಳ ಛಾಯಾಚಿತ್ರ ತೆಗೆದು ಇಬ್ಬರ ಮೊಬೈಲಿನಲ್ಲಿಯೂ ಇರಿಸಿಕೊಂಡರೆ, ಹನ್ನೊಂದು ತಿಂಗಳ ನಂತರ "ಈ ಬಿರುಕು ಮೊದಲೇ ಇತ್ತು" ಎಂಬ ವಾದಕ್ಕೆ ಅರ್ಧ ತೀರ್ಮಾನ ಅಲ್ಲಿಯೇ ಸಿಗುತ್ತದೆ.

ದುರಸ್ತಿಯ ವಿಷಯದಲ್ಲಿ ಜನರ ನಂಬಿಕೆಗೂ ಕಾನೂನಿಗೂ ಅಂತರವಿದೆ. ಎಲ್ಲ ದುರಸ್ತಿಯೂ ಮಾಲೀಕರದೇ ಹೊಣೆ ಎಂದು 1882ರ ಅಧಿನಿಯಮ ಎಲ್ಲಿಯೂ ಹೇಳಿಲ್ಲ. ಮಾಲೀಕರು ಮಾಡಲು ಬದ್ಧರಾಗಿರುವ ದುರಸ್ತಿಯನ್ನು, ತಿಳುವಳಿಕೆ ಕೊಟ್ಟ ಬಳಿಕ ಸಮಂಜಸವಾದ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರರೇ ಅದನ್ನು ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 108ನೇ ಕಲಂ ಹೇಳುತ್ತದೆ. "ಬದ್ಧರಾಗಿರುವ" ಎಂಬ ಪದವೇ ಇಲ್ಲಿ ಜೀವಾಳ. ಆ ಬದ್ಧತೆ ಹುಟ್ಟುವುದು ಕರಾರಿನಿಂದ ಅಥವಾ ಸ್ಥಳೀಯ ರೂಢಿಯಿಂದ. ಹೀಗಾಗಿ "ಛಾವಣಿ, ಗೋಡೆ, ಮುಖ್ಯ ಕೊಳವೆಗಳ ದುರಸ್ತಿ ಮಾಲೀಕರದು, ನಲ್ಲಿ, ಬಲ್ಬು, ಚಿಲಕಗಳು ಬಾಡಿಗೆದಾರರದು" ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಅದರ ಬೆಲೆ ಸಾವಿರಾರು ರೂಪಾಯಿ. ದುರಸ್ತಿಯಾಗಬೇಕೆಂದು ತಿಳಿಸುವುದು ಬರಹದಲ್ಲಿರಲಿ. ಮೊಬೈಲಿನ ಸಂದೇಶವಾದರೂ ಆದೀತು. ಗಾರೆಯವನ ರಸೀತಿ, ಸಿಮೆಂಟಿನ ಬಿಲ್ಲು ಕಳೆದುಹೋಗಬಾರದು.

ಮನೆಯ ಮುಖ್ಯ ದೋಷವನ್ನು ಬಲ್ಲ ಮಾಲೀಕರು, ಬಾಡಿಗೆದಾರರ ಸಾಮಾನ್ಯ ನೋಟಕ್ಕೆ ಅದು ಕಾಣದಿದ್ದಲ್ಲಿ, ಮೊದಲೇ ತಿಳಿಸತಕ್ಕದ್ದು. ಮುಂಗಾರಿನಲ್ಲಿ ಅಡಿಪಾಯದಿಂದ ತೇವ ಏರುವ ಗೋಡೆಗೆ ಬೇಸಿಗೆಯಲ್ಲಿ ಬಣ್ಣ ಬಳಿದು ಬಾಡಿಗೆಗೆ ಕೊಡುವ ಪದ್ಧತಿ ಈ ನಿಯಮಕ್ಕೆ ವಿರುದ್ಧ. ವಿದ್ಯುತ್ ತಂತಿಗಳ ಭೂಸಂಪರ್ಕವಿಲ್ಲದ ಮನೆಯನ್ನು ಕೊಡುವುದು ಅದಕ್ಕಿಂತಲೂ ಅಪಾಯಕರ. ತೇವದಿಂದ ಬಣ್ಣ ಹೋದೀತು, ಭೂಸಂಪರ್ಕವಿಲ್ಲದ ನೀರು ಕಾಯಿಸುವ ಕಡ್ಡಿಯಿಂದ ಜೀವವೇ ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಬಾಡಿಗೆದಾರರು ಮನೆಯನ್ನು ತಮ್ಮ ಸ್ವಂತದ್ದೆಂಬಂತೆ ವಿವೇಕದಿಂದ ಬಳಸಬೇಕು, ಬಳಕೆಯ ಸಹಜ ಸವೆತವನ್ನು ಬಿಟ್ಟು ಉಳಿದಂತೆ ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು, ಯಾರಾದರೂ ಜಾಗ ಒತ್ತುವರಿ ಮಾಡುತ್ತಿದ್ದರೆ ಮಾಲೀಕರಿಗೆ ತಿಳಿಸಬೇಕು, ಅನುಮತಿಯಿಲ್ಲದೆ ಶಾಶ್ವತ ಕಟ್ಟಡ ಕಟ್ಟಬಾರದು. ತಾವೇ ಹಾಕಿಸಿಕೊಂಡ ಫ್ಯಾನು, ಕಪಾಟು, ನೀರಿನ ತೊಟ್ಟಿಗಳನ್ನು ಮನೆಗೆ ಹಾನಿಯಾಗದಂತೆ ಬಿಚ್ಚಿಕೊಂಡು ಹೋಗುವ ಹಕ್ಕು ಅವರಿಗಿದೆ. ಅಂಗಡಿಗೆಂದು ಬಾಡಿಗೆ ಪಡೆದು ನಡುಗೋಡೆ ಒಡೆಯುವ ಚಾಳಿಯ ಬಗ್ಗೆ ಒಂದು ಮಾತು: ಹಳ್ಳಿಯ ಹೆಂಚಿನ, ಕಲ್ಲುಗೋಡೆಯ ಮನೆಗಳಲ್ಲಿ ಕಂಬ ಮತ್ತು ತೊಲೆಗಳ ಚೌಕಟ್ಟಿರುವುದಿಲ್ಲ, ಗೋಡೆಯೇ ಭಾರ ಹೊರುತ್ತದೆ. ಅಲ್ಲಿ ಬಾಗಿಲು ಅಗಲಿಸುವ ಪ್ರಶ್ನೆ ಕೇವಲ ಕರಾರಿನದಲ್ಲ.

ನೆರೆ, ಬೆಂಕಿ, ಬಿರುಗಾಳಿಗಳಿಂದ ಮನೆಯ ಮುಖ್ಯ ಭಾಗ ನಾಶವಾಗಿ ವಾಸಕ್ಕೆ ಅಯೋಗ್ಯವಾದಲ್ಲಿ, ಅದಕ್ಕೆ ಬಾಡಿಗೆದಾರರ ತಪ್ಪು ಕಾರಣವಲ್ಲದಿದ್ದರೆ, ಬಾಡಿಗೆಯನ್ನು ರದ್ದುಪಡಿಸುವ ಆಯ್ಕೆ ಬಾಡಿಗೆದಾರರದು. 2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕರ್ನಾಟಕದ ನದಿತೀರದ ಗ್ರಾಮಗಳು ಕಂಡಂತೆ, ಮನೆ ಬಿದ್ದಾಗ ಗೋಡೆಯ ನಷ್ಟ ಮಾಲೀಕರದ್ದಾದರೆ ಬಟ್ಟೆಬರೆ, ಪಾತ್ರೆಪಗಡೆಗಳ ನಷ್ಟ ವಾಸವಿದ್ದ ಕುಟುಂಬದ್ದು. ಹಾನಿಯ ಪಂಚನಾಮೆಯಲ್ಲಿ ಮಾಲೀಕರ ಹೆಸರಷ್ಟೇ ಅಲ್ಲ, ವಾಸವಿದ್ದವರ ಹೆಸರೂ ದಾಖಲಾಗುವಂತೆ ಸದಸ್ಯರು ಎಚ್ಚರ ವಹಿಸಬೇಕು. ಆ ದಿನ ಬಿಟ್ಟುಹೋದ ಹೆಸರನ್ನು ಆಮೇಲೆ ಸೇರಿಸುವುದು ಬಹಳ ಕಷ್ಟ.

ಈಗ ಬೀಗದ ವಿಷಯ. ಬಾಡಿಗೆ ಬಾಕಿ ಇದ್ದರೂ, ಅವಧಿ ಮುಗಿದಿದ್ದರೂ, ಮಾಲೀಕರು ತಾವಾಗಿಯೇ ಬೀಗ ಜಡಿಯುವಂತಿಲ್ಲ, ಸಾಮಾನು ಹೊರಗೆ ಹಾಕುವಂತಿಲ್ಲ, ನೀರು ಮತ್ತು ವಿದ್ಯುತ್ತನ್ನು ಕಡಿದು ಬಿಡಿಸುವಂತಿಲ್ಲ. ನೆಲೆಗೊಂಡ ಸ್ವಾಧೀನದಲ್ಲಿರುವ ವ್ಯಕ್ತಿಯನ್ನು, ಆತನಿಗೆ ಅಲ್ಲಿರುವ ಹಕ್ಕು ಮುಗಿದಿದ್ದರೂ, ಕಾನೂನಿನ ಮಾರ್ಗದಿಂದಲ್ಲದೆ ಹೊರಹಾಕಲಾಗದು ಎಂಬುದನ್ನು ಸುಪ್ರೀಂ ಕೋರ್ಟ್ 1989ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಹಾಗೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಕಲಂನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆರು ತಿಂಗಳೆಂಬ ಗಡುವನ್ನು ಮಾತ್ರ ಮರೆಯಬಾರದು. "ಹಿರಿಯರು ಮಾತಾಡುತ್ತಿದ್ದಾರೆ, ಜಾತ್ರೆ ಮುಗಿಯಲಿ" ಎಂದು ಕಾಯುತ್ತಾ ಕುಳಿತವರು ಈ ಸುಲಭ ದಾರಿಯನ್ನು ಕಳೆದುಕೊಳ್ಳುತ್ತಾರೆ.

ಹಾಗಾದರೆ ಮಾಲೀಕರ ದಾರಿ ಯಾವುದು? ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು 106ನೇ ಕಲಂನಂತೆ ಹದಿನೈದು ದಿನಗಳ ಲಿಖಿತ ನೋಟಿಸಿನಿಂದ ಕೊನೆಗೊಳಿಸಬಹುದು. ಕೃಷಿ ಅಥವಾ ತಯಾರಿಕಾ ಉದ್ದೇಶಕ್ಕಾದರೆ ಆರು ತಿಂಗಳ ನೋಟಿಸು ಬೇಕು. ನೋಟಿಸಿಗೆ ಸಹಿ ಇರಬೇಕು. ಅಂಚೆಯಲ್ಲಿ ಕಳುಹಿಸಬಹುದು, ಬಾಡಿಗೆದಾರರಿಗೆ ಅಥವಾ ಮನೆಯಲ್ಲಿರುವ ಅವರ ಕುಟುಂಬದವರಿಗೆ ಕೈಯಾರೆ ಕೊಡಬಹುದು. ಇವು ಸಾಧ್ಯವಾಗದಿದ್ದರೆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ನೋಟಿಸಿನ ಅವಧಿ ಮುಗಿದರೂ ಮನೆ ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತೆರವಿನ ದಾವೆ ಹೂಡಬೇಕು. ಆ ಬಳಿಕ ಅಲ್ಲಿರುವ ಕಾಲಕ್ಕೆ ಬಳಕೆಯ ನಷ್ಟಪರಿಹಾರವನ್ನೂ ಕೇಳಬಹುದು. ಬಾಕಿ ಬಾಡಿಗೆಗೆ ಮೂರು ವರ್ಷಗಳ ಕಾಲಮಿತಿ ಇದೆ. ಒಂದು ಎಚ್ಚರ: ಅವಧಿ ಮುಗಿದ ಮೇಲೆಯೂ ಎಂದಿನಂತೆ ಬಾಡಿಗೆ ಸ್ವೀಕರಿಸಿದರೆ, 116ನೇ ಕಲಂನಂತೆ ಬಾಡಿಗೆ ಮುಂದುವರಿಯಿತೆಂದು ಭಾವಿಸಲಾಗುವ ಸಂಭವವಿದೆ. ಇನ್ನೊಂದು ಕಡೆ, ಬಾಕಿಯ ಕಾರಣಕ್ಕೆ ಬಾಡಿಗೆಯ ಹಕ್ಕು ಕಳೆದುಕೊಂಡ ಬಾಡಿಗೆದಾರರು ದಾವೆಯ ವಿಚಾರಣೆಯಲ್ಲಿ ಬಾಕಿ, ಬಡ್ಡಿ, ವೆಚ್ಚಗಳನ್ನು ತುಂಬಿದರೆ, ನ್ಯಾಯಾಲಯವು ತೆರವಿನ ಬದಲು ಅವರನ್ನು ಉಳಿಸಬಹುದೆಂದು 114ನೇ ಕಲಂ ಹೇಳುತ್ತದೆ. ನ್ಯಾಯಾಲಯ ನಿಧಾನ ಎಂಬ ದೂರು ಸುಳ್ಳಲ್ಲ. ಆದರೆ ಬೀಗ ಜಡಿದ ಮಾಲೀಕರು ಪ್ರತಿವಾದಿಗಳಾಗಿ ಅದೇ ನಿಧಾನದ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ, ಜೊತೆಗೆ ಪೊಲೀಸ್ ಠಾಣೆಗೂ ಉತ್ತರ ಹೇಳಬೇಕಾದೀತು.

ಮೇಲಿನ ಉದಾಹರಣೆಗೆ ಮರಳಿದರೆ, ಆ ಕುಟುಂಬದ ಬಳಿ ಒಂದು ಹಾಳೆಯ ಕರಾರಿತ್ತು; ಛಾವಣಿಯ ದುರಸ್ತಿ ಮಾಲೀಕರದೆಂಬ ಸಾಲು ಅದರಲ್ಲಿತ್ತು. ಅದೇ ಸಂಜೆ ಬೀಗ ತೆರೆಸಿದ್ದು ಪಂಚಾಯತಿಯ ಆದೇಶವಲ್ಲ. ಅಂತಹ ಆದೇಶ ಹೊರಡಿಸುವ ಅಧಿಕಾರ ಪಂಚಾಯತಿಗಿಲ್ಲ. ಬೀಗದ ಪರಿಣಾಮ ಏನೆಂಬುದನ್ನು ತಿಳಿಹೇಳಿದ ಬಳಿಕ ಆ ತಾಯಿಯೇ ಕೀಲಿ ತಂದರು. ನಂತರ ಹಾಳೆಯ ಮೇಲೆ ಲೆಕ್ಕ ಮಾಡಲಾಯಿತು. ನಾಲ್ಕು ತಿಂಗಳ ಬಾಕಿ ರೂ. 10,000, ಅದರಲ್ಲಿ ದುರಸ್ತಿಯ ರೂ. 3,600 ಕಳೆದರೆ ರೂ. 6,400. ಮಾಲೀಕಳ ಕೈಯಲ್ಲಿರುವ ಮುಂಗಡ ರೂ. 10,000. ಅಂದರೆ ಕುಟುಂಬ ಆ ದಿನವೇ ಮನೆ ಬಿಟ್ಟರೆ ಅವರಿಗೆ ರೂ. 3,600 ಹಿಂದಿರುಗಿಸಬೇಕು, ಅಲ್ಲಿಯೇ ಇದ್ದರೆ ಅವರು ರೂ. 6,400 ಬಾಕಿ ತುಂಬಬೇಕು, ಏಕೆಂದರೆ ಮುಂಗಡವೆಂಬುದು ಮನೆಯಲ್ಲಿ ಇರುವಷ್ಟು ಕಾಲ ಬಾಡಿಗೆಗೆ ಬದಲಿಯಲ್ಲ. ಹತ್ತು ಸಾವಿರ ಬರಬೇಕೆಂದವರಿಗೂ, ಕೊಡುವುದೇ ಇಲ್ಲವೆಂದವರಿಗೂ ಉತ್ತರ ಇದೇ ಆಗಿತ್ತು. ಐದು ಕಂತುಗಳ ಒಪ್ಪಂದವಾಯಿತು. ಮೂರನೆಯ ಕಂತು ತಡವಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು.

ತಿಂಗಳ ಬಾಡಿಗೆಗಿಂತ ಹೆಚ್ಚು ಆತಂಕಕಾರಿಯಾದುದು ಭೋಗ್ಯ. ಜನರು "ಲೀಸಿಗೆ ಮನೆ" ಎನ್ನುವುದೂ ಇದನ್ನೇ. ಮೂರು, ನಾಲ್ಕು ಅಥವಾ ಐದು ಲಕ್ಷ ರೂಪಾಯಿಗಳನ್ನು ಒಟ್ಟಾಗಿ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಪೂರ್ಣ ಹಣ ಹಿಂಪಡೆಯುವ ವ್ಯವಸ್ಥೆ ಅದು. ಹಣ ಕೊಡುವವರು ಬಹುತೇಕ ಮಗಳ ಮದುವೆಗೆ ಕೂಡಿಟ್ಟದ್ದನ್ನೋ ಊರಿನ ಜಮೀನು ಮಾರಿದ್ದನ್ನೋ ಕೊಟ್ಟಿರುತ್ತಾರೆ. ಹಣ ಪಡೆಯುವವರು ಅದನ್ನು ಸಾಲ ತೀರಿಸಲು ಬಳಸಿರುತ್ತಾರೆ. ಅವಧಿ ಮುಗಿದಾಗ ಹಿಂದಿರುಗಿಸಲು ಮುಂದಿನ ಭೋಗ್ಯದಾರನನ್ನೇ ಹುಡುಕುತ್ತಾರೆ. ಕೊಟ್ಟ ಹಣಕ್ಕೆ ಭದ್ರತೆಯಾಗಿ ಸ್ವತ್ತಿನ ಸ್ವಾಧೀನವನ್ನೂ ಫಲವನ್ನೂ ಬಿಟ್ಟುಕೊಡುವುದು 58ನೇ ಕಲಂ ಹೇಳುವ ಭೋಗ್ಯದ ಅಡಮಾನ. ಅಡಮಾನದ ಮೊತ್ತ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂತಹ ಪತ್ರ ನೋಂದಣಿಯಾಗಬೇಕೆಂದು 59ನೇ ಕಲಂ ಹೇಳುತ್ತದೆ. ವಾಸ್ತವದಲ್ಲಿ ಲಕ್ಷಾಂತರ ರೂಪಾಯಿಗಳ ವ್ಯವಹಾರ ನೋಂದಣಿಯಿಲ್ಲದ ಒಂದು ಛಾಪಾ ಕಾಗದದ ಮೇಲೆ ನಡೆಯುತ್ತದೆ.

ಅಪಾಯ ಕಾಣುವುದು ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದಾಗ. ಸಾಲದ ಕಂತು ನಿಂತರೆ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸುತ್ತದೆ. ಭೋಗ್ಯದಾರರು ಆ ಸಾಲದ ಸಂಗತಿಯನ್ನು ಮೊದಲ ಬಾರಿಗೆ ತಿಳಿಯುವುದು ಆ ನೋಟಿಸಿನಿಂದಲೇ. ಬ್ಯಾಂಕಿನ ಹಕ್ಕು ಹಿಂದಿನದು. ನೋಂದಣಿಯಿಲ್ಲದ ಕಾಗದ ಅದರ ಮುಂದೆ ನಿಲ್ಲುವುದು ಕಷ್ಟ. ಆದ್ದರಿಂದ ಹಣ ಕೊಡುವ ಮುನ್ನ ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಅಥವಾ ಕಾವೇರಿ ತಂತ್ರಾಂಶದ ಮೂಲಕ ಋಣಭಾರ ಪ್ರಮಾಣಪತ್ರ ಪಡೆಯಬೇಕು. ಹಕ್ಕುಪತ್ರಗಳನ್ನು ಠೇವಣಿಯಿಟ್ಟು ಪಡೆದ ಸಾಲ ಅದರಲ್ಲಿ ಯಾವಾಗಲೂ ಕಾಣಬೇಕೆಂದಿಲ್ಲವಾದ್ದರಿಂದ, ಮೂಲ ಪತ್ರಗಳನ್ನೇ ತೋರಿಸಲು ಕೇಳಬೇಕು. ನಕಲು ಮಾತ್ರ ತೋರಿಸಿ "ಮೂಲ ಪತ್ರ ಅಣ್ಣನ ಮನೆಯಲ್ಲಿದೆ" ಎಂದರೆ ಹಣ ಎಣಿಸುವುದನ್ನು ಅಲ್ಲಿಗೆ ನಿಲ್ಲಿಸಬೇಕು. ಇ-ಸ್ವತ್ತಿನ ನಮೂನೆ 9 ಅಥವಾ 11ರಲ್ಲಿ ಯಾರ ಹೆಸರಿದೆ ಎಂಬುದನ್ನು ಪಂಚಾಯತಿಯಲ್ಲಿ ತಾಳೆ ನೋಡಬಹುದು. ಸಹೋದರರ ಜಂಟಿ ಸ್ವತ್ತಾದರೆ ಎಲ್ಲರ ಸಹಿ ಬೇಕು. ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ವರ್ಗಾಯಿಸಬೇಕು. ನೋಂದಣಿಯ ಶುಲ್ಕ ಹೆಚ್ಚೆಂದು ಹಿಂಜರಿಯುವವರು ಆ ಶುಲ್ಕವನ್ನು ಕೊಡುತ್ತಿರುವ ಲಕ್ಷಗಳೊಡನೆ ಹೋಲಿಸಿ ನೋಡಲಿ.

ಹನ್ನೆರಡು ವರ್ಷ ವಾಸವಿದ್ದರೆ ಮನೆ ಬಾಡಿಗೆದಾರರದೇ ಆಗುತ್ತದೆ ಎಂಬ ಭಯ ಮಾಲೀಕರಲ್ಲಿಯೂ, ಅದೇ ಆಸೆ ಕೆಲವು ಬಾಡಿಗೆದಾರರಲ್ಲಿಯೂ ಇದೆ. ಬಾಡಿಗೆದಾರರದು ಅನುಮತಿಯ ಸ್ವಾಧೀನ, ಪ್ರತಿಕೂಲ ಸ್ವಾಧೀನವಲ್ಲ. ಬಾಡಿಗೆಗೆ ಬಂದವರು ಬಾಡಿಗೆ ನಡೆಯುತ್ತಿರುವಾಗ, ತಾವು ಒಳಬಂದ ಕಾಲಕ್ಕೆ ಮಾಲೀಕರಿಗೆ ಹಕ್ಕೇ ಇರಲಿಲ್ಲ ಎಂದು ವಾದಿಸಲು ಸಾಕ್ಷ್ಯ ಕಾನೂನೂ ಬಿಡುವುದಿಲ್ಲ. ಹನ್ನೆರಡು ವರ್ಷವೆಂಬುದು ಕಾಲಮಿತಿ ಕಾನೂನಿನಲ್ಲಿ ಬರುವುದು, ಬಾಡಿಗೆ ಕೊನೆಗೊಂಡ ಬಳಿಕ ಸ್ವಾಧೀನಕ್ಕೆ ದಾವೆ ಹೂಡಲು ಮಾಲೀಕರಿಗೆ ಕೊಟ್ಟ ಗಡುವಾಗಿ. ಈ ತಪ್ಪು ಭಯದಿಂದಲೇ ಎಷ್ಟೋ ಮನೆಗಳು ಬೀಗ ಹಾಕಿ ಹಾಳುಬಿದ್ದಿವೆ. ಎಷ್ಟೋ ಕುಟುಂಬಗಳನ್ನು ಹನ್ನೊಂದು ತಿಂಗಳಿಗೊಮ್ಮೆ ಕಾರಣವಿಲ್ಲದೆ ಎಬ್ಬಿಸಲಾಗುತ್ತಿದೆ, ಅವರ ಮಕ್ಕಳು ಪ್ರತಿ ವರ್ಷ ಶಾಲೆ ಬದಲಿಸುತ್ತಿದ್ದಾರೆ. ಮನೆ ತೆರಿಗೆಯ ರಸೀತಿ ಬಾಡಿಗೆದಾರರ ಕೈಯಲ್ಲಿದ್ದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ. ಗೃಹ ಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿದರೂ ಅಷ್ಟೇ. ಅದು ವಿದ್ಯುತ್ ರಿಯಾಯಿತಿಗೆ ಮಾತ್ರ. ಮನೆ ಬಿಡುವಾಗ ಹಳೆಯ ಆರ್.ಆರ್. ಸಂಖ್ಯೆಯಿಂದ ಆಧಾರ್ ಜೋಡಣೆ ತೆಗೆಸಿಕೊಂಡರೆ ಹೊಸ ಮನೆಯಲ್ಲಿ ಸೌಲಭ್ಯಕ್ಕೆ ತೊಡಕಾಗದು, ಮುಂದೆ ಬರುವವರಿಗೂ ತೊಂದರೆಯಿಲ್ಲ.

ಕೃಷಿ ಜಮೀನಿನ ಕಥೆ ಪೂರ್ಣ ಬೇರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ಪ್ರಶ್ನೆಯಿಂದ ಎದ್ದ ಸತ್ಯಾಗ್ರಹವನ್ನು ಹಿರಿಯರು ಬಲ್ಲರು. ಮುಂದೆ ಕರ್ನಾಟಕ ಭೂ ಸುಧಾರಣೆಗಳ ಅಧಿನಿಯಮ, 1961ಕ್ಕೆ ದೇವರಾಜ ಅರಸು ಅವರ ಕಾಲದಲ್ಲಿ ಬಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ನಮೂನೆ 7 ಸಲ್ಲಿಸಿದ ಗೇಣಿದಾರರ ಹಕ್ಕನ್ನು ಭೂ ನ್ಯಾಯಮಂಡಳಿಗಳು ತೀರ್ಮಾನಿಸಿದವು. ಅದೇ ಅಧಿನಿಯಮದ 5ನೇ ಕಲಂ, ಸೈನಿಕರು ಮತ್ತು ನಾವಿಕರ ಜಮೀನಿನಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೃಷಿ ಜಮೀನನ್ನು ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಆದರೂ ಕೋರು, ವಾರ, ಲಾವಣಿ, ಗುತ್ತಿಗೆ ಎಂಬ ಹೆಸರುಗಳಲ್ಲಿ ಸಾಗುವಳಿ ಎಲ್ಲೆಡೆ ನಡೆದಿದೆ, ಎಲ್ಲವೂ ಬಾಯಿಮಾತಿನಲ್ಲಿ. ಮಾಲೀಕರು ಹಳೆಯ ಭಯದಿಂದ ಕಾಗದ ಕೊಡುವುದಿಲ್ಲ. ಉಳುವವರ ಹೆಸರು ಪಹಣಿಯಲ್ಲಿಲ್ಲದ ಕಾರಣ ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆ, ಸಹಕಾರ ಸಂಘದ ಸಾಲಗಳು ಜಮೀನಿನ ಒಡೆಯರ ಹೆಸರಿಗೇ ಹೋಗುತ್ತವೆ. ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿ ಗೇಣಿದಾರ ಮತ್ತು ಪಾಲುದಾರ ರೈತರನ್ನೂ ಒಳಗೊಂಡಿದೆ; ದಾಖಲೆಯಿಲ್ಲದವರಿಗೆ ಅದರಿಂದ ಲಾಭವಿಲ್ಲ. ಅಂದು ಗೇಣಿದಾರನ ರಕ್ಷಣೆಗೆ ಬಂದ ನಿಷೇಧವೇ ಇಂದು ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಸ್ವಂತ ಸಾಲದಿಂದ ಹಾಕುವ ರೈತನನ್ನು ದಾಖಲೆಯಿಂದ ಅಳಿಸಿದೆ. ಇದು ಶಾಸಕಾಂಗ ಪರಿಶೀಲಿಸಬೇಕಾದ ವಿಷಯ, ಪಂಚಾಯತಿ ಬಗೆಹರಿಸಬಲ್ಲದ್ದಲ್ಲ.

"ವಾಸಿಸುವವನೇ ಮನೆಯೊಡೆಯ" ಎಂಬ ಘೋಷಣೆಯಿಂದಲೂ ಗೊಂದಲವಾಗಿದೆ. ಅದೇ ಅಧಿನಿಯಮಕ್ಕೆ ಸೇರಿಸಲಾದ 38ಎ ಕಲಂ, ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಂತಹ ಜನವಸತಿಗಳಲ್ಲಿ ನೆಲೆಸಿರುವ ಕೃಷಿ ಕಾರ್ಮಿಕರಿಗೆ ಸಂಬಂಧಿಸಿದ್ದು. ಬಾಡಿಗೆಗೆ ಪಡೆದ ಮನೆಗೆ ಅದು ಅನ್ವಯಿಸುವುದಿಲ್ಲ.

ಪಂಚಾಯತಿಯೂ ಸ್ವತಃ ಮಾಲೀಕ ಎಂಬುದನ್ನು ಸದಸ್ಯರು ಮರೆಯಬಾರದು. ಬಸ್ ನಿಲ್ದಾಣದ ಬಳಿಯ ಮಳಿಗೆಗಳನ್ನು ಹರಾಜಿನಲ್ಲಿ ಕಡಿಮೆ ಬಾಡಿಗೆಗೆ ಪಡೆದು, ಅದರ ಹಲವು ಪಟ್ಟು ಬಾಡಿಗೆಗೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟಿರುವ ಸಂಗತಿ ಹಲವು ಕಡೆ ಎಲ್ಲರಿಗೂ ತಿಳಿದಿದ್ದೂ ಯಾರೂ ಆಡದ ಮಾತು. ನಿಜವಾದ ವ್ಯಾಪಾರ ನಡೆಸುವ ಹಣ್ಣಿನವಳಿಗೆ ಅಲ್ಲಿ ಯಾವ ಹಕ್ಕೂ ಇಲ್ಲ, ಪಂಚಾಯತಿಗೆ ಬರಬೇಕಾದ ಆದಾಯವೂ ಇಲ್ಲ. ಇಂತಹ ಸಂದರ್ಭದಲ್ಲಿಯೂ ಪಂಚಾಯತಿ ಬೀಗ ಜಡಿಯುವ ಆತುರ ತೋರಬಾರದು. ಸಾರ್ವಜನಿಕ ಆವರಣಗಳಿಂದ ಅನಧಿಕೃತ ಅಧಿಭೋಗದಾರರನ್ನು ತೆರವುಗೊಳಿಸುವ 1974ರ ಕರ್ನಾಟಕ ಅಧಿನಿಯಮದಂತೆ ನೋಟಿಸು, ವಿಚಾರಣೆ, ಸಕ್ಷಮ ಅಧಿಕಾರಿಯ ಆದೇಶ ಎಂಬ ಕ್ರಮದಲ್ಲಿಯೇ ಸಾಗಬೇಕು. ಖಾಸಗಿ ಮಾಲೀಕರಿಗೆ ಬೋಧಿಸುವ ನಿಯಮವನ್ನು ಕಚೇರಿ ತಾನೇ ಮುರಿದರೆ ಆ ಬೋಧನೆಗೆ ಬೆಲೆಯಿರುವುದಿಲ್ಲ.

ಮನೆ ಕೇಳಲು ಬಂದವರನ್ನು ಮೊದಲು ಜಾತಿ ಕೇಳುವ ರೂಢಿ ಇನ್ನೂ ಅಳಿದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಜಾತಿ ಹಿಡಿದು ಅವಮಾನಿಸಿದರೆ ಅದು 1989ರ ದೌರ್ಜನ್ಯ ತಡೆ ಅಧಿನಿಯಮದಂತೆ ಅಪರಾಧ. ಬಾಡಿಗೆಯ ಮಾತುಕತೆ ಎಂಬ ಕಾರಣಕ್ಕೆ ಅದರಿಂದ ವಿನಾಯಿತಿ ದೊರೆಯುವುದಿಲ್ಲ.

ವ್ಯಾಜ್ಯ ಬಂದಾಗ ಎಲ್ಲಿಗೆ ಹೋಗಬೇಕು? ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ವಿಪತ್ತಿಗೆ ಸಿಲುಕಿದವರು ಹಾಗೂ ನಿಗದಿತ ಮಿತಿಯೊಳಗಿನ ಆದಾಯದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ವಕೀಲರ ನೆರವು ಉಚಿತ. ಮೇಲೆ ಹೇಳಿದ ವಿಧವೆ ಮಾಲೀಕಳೂ, ಗಿರಣಿ ಕಾರ್ಮಿಕನೂ ಇಬ್ಬರೂ ಅದಕ್ಕೆ ಅರ್ಹರು. ದಾವೆ ಹೂಡುವ ಮುನ್ನವೇ ವಿಷಯವನ್ನು ಲೋಕ ಅದಾಲತ್ ಮುಂದೆ ತರಬಹುದು. ಅಲ್ಲಿ ಆಗುವ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ದೂರವಾಣಿಯಲ್ಲಿ ಮಾಹಿತಿ ಬೇಕಾದವರು 15100 ಸಂಖ್ಯೆಗೆ ಕರೆ ಮಾಡಬಹುದು. ಹೋಗುವಾಗ ಕರಾರು ಪತ್ರ, ಬಾಡಿಗೆ ಪಾವತಿಯ ರಸೀತಿ ಅಥವಾ ಬ್ಯಾಂಕ್ ಖಾತೆಯ ವಿವರ, ದುರಸ್ತಿಯ ಬಿಲ್ಲುಗಳು, ಕಳುಹಿಸಿದ ನೋಟಿಸಿನ ಪ್ರತಿ ಮತ್ತು ಅಂಚೆಯ ಸ್ವೀಕೃತಿ ಜೊತೆಗಿರಲಿ. ನಗದಿನಲ್ಲಿ ಬಾಡಿಗೆ ಕೊಡುವವರ ಬಳಿ ರಸೀತಿ ಇಲ್ಲದಿದ್ದರೆ, ಎರಡು ರೂಪಾಯಿಯ ಸಣ್ಣ ಪುಸ್ತಕದಲ್ಲಿ ತಿಂಗಳಿಗೊಂದು ಸಾಲು ಬರೆದು ಮಾಲೀಕರ ಸಹಿ ಪಡೆದಿದ್ದರೂ ಸಾಕು. ಆ ಪುಸ್ತಕವನ್ನು ಮನೆಯೊಳಗೆ ಮಾತ್ರ ಇಡದೆ, ಅದರ ಛಾಯಾಚಿತ್ರವನ್ನು ಮೊಬೈಲಿನಲ್ಲಿಯೂ ಇಟ್ಟುಕೊಳ್ಳುವುದು ಒಳ್ಳೆಯದು; ಬೀಗ ಬಿದ್ದ ಸಂಜೆ ಪುಸ್ತಕವೂ ಒಳಗೇ ಇರುತ್ತದೆ.